ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ

ಓದುಗರ ಪತ್ರ: "ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕೆಲವು ವರ್ಷ ಒಂದು ಸಂಸ್ಥೆಯಲ್ಲಿ ಫೀಲ್ಡ್ ಕೆಲಸ ಮಾಡಿದೆ. ಈಗ ಇನ್ನೊಂದು ಸಂಸ್ಥೆಯವರು ನೆರೆ, ಬರ ಪರಿಹಾರದ ಯೋಜನೆಗಳನ್ನು ನೋಡಿಕೊಳ್ಳಲು ಪ್ರೋಗ್ರಾಮ್ ಆಫೀಸರ್ ಆಗಿ ಬಾ ಎಂದು ಕರೆದಿದ್ದಾರೆ. ನಮ್ಮ ಅಪ್ಪ ನಿವೃತ್ತ ಶಿಕ್ಷಕರು. 'ಮಂದಿ ಮುಳುಗಿದಾಗ ಕೈ ಹಿಡಿಯೋದು ಸೇವಾ, ಅದಕ್ಕ ಸಂಬಳ ಎಣಿಸೋದು ಎಂಥಾ ಸೇವಾ?' ಅಂತಾರೆ. ಗೆಳತಿಯರು ಅದು ಬರೀ ಎಕ್ಸೆಲ್ ಶೀಟಿನ ಕೆಲಸ, ಜನರ ಮುಖವನ್ನೇ ನೋಡುವುದಿಲ್ಲ ಅಂತಾರೆ. ಹೋಗಲೋ ಬೇಡವೋ ತಿಳಿಯುತ್ತಿಲ್ಲ."
– ಗದಗ ಜಿಲ್ಲೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಗೆಳತಿಯರು ಹೇಳಿದ್ದು ಸುಳ್ಳಲ್ಲ. ದಿನದ ಮುಕ್ಕಾಲು ಪಾಲು ಎಕ್ಸೆಲ್ಲಿನಲ್ಲೇ ಕಳೆಯುತ್ತದೆ. ಪ್ರಪೋಸಲ್, ಬಜೆಟ್, ಮೂರು ಕೊಟೇಷನ್, ಯುಸಿ (ಹಣ ಬಳಕೆಯ ಪ್ರಮಾಣಪತ್ರ), ತಿಂಗಳ ವರದಿ, ಮೂರು ತಿಂಗಳ ವರದಿ, ಆಡಿಟರ್ ಎತ್ತಿದ ತಕರಾರಿಗೆ ಸಮಜಾಯಿಷಿ. ಆದರೆ ಆ ಎಕ್ಸೆಲ್ಲಿನೊಳಗೆ ಒಂದು ಹಾಳೆ ಇರುತ್ತದೆ, ಫಲಾನುಭವಿಗಳ ಪಟ್ಟಿ. ಈ ಹುದ್ದೆಯ ಜೀವ ಇರುವುದು ಅದರಲ್ಲಿ. ಅದನ್ನು ಸರಿಯಾಗಿ ಮಾಡುವವರು ಜನರ ಮುಖ ನೋಡದೆ ಮಾಡಲಾರರು.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದ್ದು ನಿಮಗೆ ನೆನಪಿರಬೇಕು. ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10 ಸಾವಿರ ರೂಪಾಯಿ, ಪೂರ್ತಿ ಬಿದ್ದ 'ಎ' ವರ್ಗದ ಮನೆಗೆ 5 ಲಕ್ಷ ಎಂದು ಸರ್ಕಾರ ಘೋಷಿಸಿತು. ಕೇಳಲು ಎಷ್ಟು ಸರಳ! ಆದರೆ ಮನೆ ಎಂದರೆ ಯಾವುದು? ಮಲಪ್ರಭೆಯ ದಂಡೆಯ ಒಂದು ಊರಿನ ಶಾಲೆಯ ಪಡಸಾಲೆಯಲ್ಲಿ ಒಬ್ಬ ಪ್ರೋಗ್ರಾಮ್ ಆಫೀಸರ್ ಪಟ್ಟಿ ಬರೆಯುತ್ತಿದ್ದುದನ್ನು ವರದಿಗೆಂದು ಹೋದಾಗ ನೋಡಿದ್ದೆ. ಆಕೆ ಯಾರನ್ನೂ "ಎಷ್ಟು ಮನೆ?" ಎಂದು ಕೇಳಲಿಲ್ಲ. "ಒಲಿ ಎಷ್ಟು?" ಎಂದು ಕೇಳುತ್ತಿದ್ದರು. ಪಡಿತರ ಚೀಟಿ ಒಂದು, ಅಣ್ಣತಮ್ಮಂದಿರು ಮೂವರು, ಒಲೆ ಮೂರು. ಮನೆಯ ಉತಾರ ಮಾತ್ರ ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲಿ. ಸುದ್ದಿ ಹಬ್ಬಿ, ಸಂಜೆಯ ಹೊತ್ತಿಗೆ ಊರಲ್ಲಿ ಒಲೆಗಳ ಸಂಖ್ಯೆ ಏರತೊಡಗಿತು. ನಿನ್ನೆಯವರೆಗೆ ಒಂದೇ ಪರಾತದಲ್ಲಿ ಹಿಟ್ಟು ನಾದುತ್ತಿದ್ದ ಅತ್ತೆ ಸೊಸೆ "ನಾವು ಬ್ಯಾರೆ ಆಗೇವ್ರಿ" ಎಂದರು. ಆಕೆ ನಗಲೂ ಇಲ್ಲ, ಗದರಲೂ ಇಲ್ಲ. ಹಿಟ್ಟಿನ ಗಿರಣಿಯವನ ಹತ್ತಿರ ಹೋಗಿ, ಯಾರು ಯಾರ ಡಬ್ಬಿ ಬೇರೆ ಬರುತ್ತದೆ ಎಂದು ವಿಚಾರಿಸಿದರು. ಇಂಥದನ್ನು ಯಾವ ಎಂ.ಎಸ್.ಡಬ್ಲ್ಯು. ಪಠ್ಯವೂ ಕಲಿಸುವುದಿಲ್ಲ. ನಿಮಗೆ ಫೀಲ್ಡ್ ಅನುಭವ ಇದೆಯಲ್ಲ, ಅದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಸೇರಬಾರದವರು ಸೇರಿದರೆ ಊರೇ ಕೂಗುತ್ತದೆ. ಸೇರಬೇಕಾದವರು ಬಿಟ್ಟುಹೋದರೆ ಯಾರೂ ಕೂಗುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಸರ್ವೆಯ ದಿನ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಿದ್ದವರು, ಬಾಡಿಗೆ ಮನೆಯಲ್ಲಿದ್ದವರು, ತವರಿನ ಮೂಲೆಯ ಕೋಣೆಯಲ್ಲಿ ದಿನ ನೂಕುವ ವಿಧವೆ, ಯಾವ ಕಾಗದದಲ್ಲೂ ಹೆಸರಿಲ್ಲದ ಅಲೆಮಾರಿಗಳು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಆದದ್ದೂ ಇದೇ. ದೋಣಿ, ಬಲೆ ಕಳೆದುಕೊಂಡ ಮೀನುಗಾರರು ಎಲ್ಲರ ಕಣ್ಣಿಗೆ ಬಿದ್ದರು. ಅದೇ ದಡದಲ್ಲಿ ಕೂಲಿ ಮಾಡಿಕೊಂಡಿದ್ದ ದಲಿತರು, ಇರುಳ ಬುಡಕಟ್ಟಿನವರು ಎಷ್ಟೋ ಕಡೆ ಪಟ್ಟಿಯಿಂದಲೇ ಹೊರಗುಳಿದರು. ಕಳೆದುಕೊಂಡೆವು ಎಂದು ತೋರಿಸಲು ಅವರ ಬಳಿ ಮೊದಲೇ ಏನೂ ಇರಲಿಲ್ಲವಲ್ಲ.

ಆದ್ದರಿಂದ ಪಟ್ಟಿಯನ್ನು ಊರವರ ಮುಂದೆ ಓದಿ ಹೇಳುವ ಪದ್ಧತಿ ಇದೆ. ಅದನ್ನು ಎಲ್ಲಿ ನಿಂತು ಓದುತ್ತೀರಿ ಎಂಬುದೂ ಮುಖ್ಯ. ಗುಡಿಕಟ್ಟೆಯ ಮೇಲೆ ಓದಿದರೆ ಕೇರಿಯವರು ಬರಲಿಕ್ಕಿಲ್ಲ. ಬಂದರೂ ಗೌಡರ ಎದುರಿಗೆ "ನನ್ನ ಹೆಸರು ಬಿಟ್ಟೈತಿ" ಎಂದು ಬಾಯಿ ಬಿಡಲಿಕ್ಕಿಲ್ಲ. ಕೇರಿಯಲ್ಲಿ ಇನ್ನೊಮ್ಮೆ ಓದಬೇಕು. ವರದಿಯಲ್ಲಿ ಇದು 'ಸಮುದಾಯದ ಸಹಭಾಗಿತ್ವ' ಎಂಬ ಒಂದು ಸಾಲು ಆಗಿಬಿಡುತ್ತದೆ. ಆ ಸಾಲಿನ ಹಿಂದೆ ಎಷ್ಟು ಸಂಜೆಗಳು ಹೋಗಿವೆ ಎಂಬುದು ಹಣ ಕೊಡುವ ಡೋನರ್‌ಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಡೋನರ್ ಎಂದಾಗ ನೆನಪಾಯಿತು. ಕೊಡುವವರಿಗೆ "ಅದು ಬೇಡ" ಎನ್ನುವುದೂ ನಿಮ್ಮ ಪಾಲಿಗೇ ಬರುತ್ತದೆ. ಸುನಾಮಿಯಲ್ಲಿ ಬಂದು ಬಿದ್ದ ಹಳೇ ಬಟ್ಟೆಯ ರಾಶಿಗಳನ್ನು ಜನ ರಸ್ತೆ ಬದಿಯಲ್ಲೇ ಬಿಟ್ಟುಹೋದರು. ಅದನ್ನೆಲ್ಲ ಬಾಚಿ, ವಿಂಗಡಿಸಿ ಉಪಯೋಗಕ್ಕೆ ತರುವುದೇ, ಹಳೇ ಬಟ್ಟೆ ಸಂಗ್ರಹಿಸಿ ಬೇಕಾದವರಿಗೆ ತಲುಪಿಸುವ ಗೂಂಜ್‌ನಂಥ ಸಂಸ್ಥೆಗೆ ದೊಡ್ಡ ಕೆಲಸವಾಯಿತು. ದೋಣಿ ಕೊಟ್ಟರೆ ಫೋಟೋ ಚೆಂದ ಬರುತ್ತದೆಂದು ಎಲ್ಲರೂ ದೋಣಿಯನ್ನೇ ಕೊಟ್ಟು, ಕೆಲವು ಕಡೆ ಮೊದಲು ಇದ್ದುದಕ್ಕಿಂತ ಹೆಚ್ಚು ದೋಣಿಗಳಾದವು. ನಮ್ಮಲ್ಲೂ ಬೇರೆ ಇಲ್ಲ. 2009ರ ನೆರೆಯ ನಂತರ ದಾನಿಗಳ ಜೊತೆ ಸೇರಿ ಸರ್ಕಾರ ಎತ್ತರದ ಜಾಗಗಳಲ್ಲಿ 'ಆಸರೆ' ಮನೆಗಳನ್ನು ಕಟ್ಟಿಸಿತು. ಎಷ್ಟೋ ಊರುಗಳಲ್ಲಿ ಜನ ಅಲ್ಲಿಗೆ ಹೋಗಲಿಲ್ಲ, ಹೋದವರಲ್ಲಿ ಕೆಲವರು ವಾಪಸಾದರು. ದನ ಕಟ್ಟಲು ಜಾಗವಿಲ್ಲ, ಕಣಜಕ್ಕೆ ಜಾಗವಿಲ್ಲ, ಹೊಲ ದೂರ. ಗೋಡೆ, ಸೂರು ಎಣಿಸಿದವರು ಎತ್ತುಗಳನ್ನು ಎಣಿಸಿರಲಿಲ್ಲ. ಪ್ರಪೋಸಲ್ ಬರೆಯುವ ಹಂತದಲ್ಲೇ ಯಾರಾದರೂ "ದನ ಎಲ್ಲಿ ಕಟ್ತಾರ?" ಎಂದು ಕೇಳಿದ್ದರೆ ಖರ್ಚು ತುಸು ಹೆಚ್ಚಾಗುತ್ತಿತ್ತು, ಮನೆಗಳಲ್ಲಿ ದೀಪ ಹತ್ತುತ್ತಿತ್ತು. ಆ ಪ್ರಶ್ನೆ ಕೇಳಲಿಕ್ಕೆಂದೇ ನಿಮಗೆ ಸಂಬಳ.

ಸಂಬಳದ ಮಾತಿಗೆ ಬಂದೆವು. ನಿಮ್ಮ ತಂದೆಯವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪರಿಹಾರದ ಹೆಸರಲ್ಲಿ ಸ್ಟಾರ್ ಹೋಟೆಲಿನಲ್ಲಿ ಕಾರ್ಯಾಗಾರ ನಡೆಸುವವರನ್ನು ಅವರೂ ಕಂಡಿರಬೇಕು, ನಾನೂ ಕಂಡಿದ್ದೇನೆ. ಕಾನೂನಿಗೂ ಈ ಸಂಶಯ ಇದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಶೇ 50ರವರೆಗೆ ಇದ್ದ ಅವಕಾಶವನ್ನು 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಶೇ 20ಕ್ಕೆ ಇಳಿಸಿತು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಕಂಪನಿ ಆಡಳಿತ ವೆಚ್ಚವೆಂದು ತೋರಿಸಬಹುದಾದದ್ದು ಶೇ 5 ಮಾತ್ರ. ಹಣ ಪೋಲಾಗಬಾರದೆಂಬುದು ಸರಿ. ಆದರೆ ಶಾಲೆಯಲ್ಲಿ ಪಾಠ ಹೇಳುವುದೂ ಸೇವೆಯೇ. ಮೇಷ್ಟ್ರು ತಿಂಗಳ ಸಂಬಳ ಪಡೆದರೆಂದು ಅವರು ಕಲಿಸಿದ ಮಗ್ಗಿ ಸುಳ್ಳಾಗಲಿಲ್ಲವಲ್ಲ! ಲಾರಿಯಲ್ಲಿ ಅಕ್ಕಿ ತಂದು ಹಂಚಿ ಹೋಗುವ ಸ್ವಯಂಸೇವಕರು ದೊಡ್ಡವರು, ಅವರಿಗೆ ಕೈ ಮುಗಿಯೋಣ. ಅವರು ಒಂದು ವಾರ ಇರುತ್ತಾರೆ. ಹಂಚಿದ ಸಾಮಾನು ನಿಜಕ್ಕೂ ಬಳಕೆಯಾಯಿತೇ, ಮಾರಿಕೊಂಡರೇ, ಮಾರಿಕೊಂಡಿದ್ದರೆ ಬೇರೆ ಯಾವ ಕೊರತೆ ಅವರನ್ನು ಹಾಗೆ ಮಾಡಿಸಿತು ಎಂದು ವಾರಗಳ ನಂತರ ಮನೆ ಮನೆಗೆ ಹೋಗಿ ಕೇಳುವವರು ಬೇಕು. ವರ್ಷಗಳ ನಂತರ ಆಡಿಟ್ ಬಂದಾಗ ಹೆಬ್ಬೆಟ್ಟಿನ ಹಾಳೆಗಳನ್ನು ತೆಗೆದಿಡುವವರು ಬೇಕು. ಬಿಡುವಿದ್ದಾಗ ಬಂದು ಮಾಡಿಹೋಗುವ ಕೆಲಸ ಇದಲ್ಲ.

ಪಳಗಿದ ಜನ ಸಾಲದೆ, ಬರೀ ಒಳ್ಳೆಯ ಮನಸ್ಸಿನಿಂದ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆ ಒಂದು ದೊಡ್ಡ ಪಾಠ ಆಗಿದೆ. 1994ರಲ್ಲಿ ರುವಾಂಡದ ನರಮೇಧದ ಬೆನ್ನಿಗೇ ಲಕ್ಷಾಂತರ ಜನ ಗಡಿ ದಾಟಿ, ಆಗ ಝೈರ್ ಎನ್ನುತ್ತಿದ್ದ ದೇಶದ ಗೋಮಾಕ್ಕೆ ಬಂದರು. ನೆರವಿನ ಸಂಸ್ಥೆಗಳು ಧಾವಿಸಿ ಬಂದವು. ಜ್ವಾಲಾಮುಖಿಯ ಕಲ್ಲು ನೆಲ, ಪಾಯಿಖಾನೆಗೆ ಗುಂಡಿ ತೋಡಲೂ ಆಗದು. ಕುಡಿಯಲು ಕೆರೆಯ ನೀರು. ಮೊದಲ ತಿಂಗಳಲ್ಲೇ ಸುಮಾರು 50 ಸಾವಿರ ಜನ ಸತ್ತರು, ಹೆಚ್ಚಿನವರು ಕಾಲರಾ ಮತ್ತು ಆಮಶಂಕೆಯಿಂದ. ಬಂದ ಸಂಸ್ಥೆಗಳಲ್ಲಿ ಪಳಗಿದವೂ ಇದ್ದವು, ಏನು ಮಾಡಬೇಕೆಂದೇ ತಿಳಿಯದವೂ ಇದ್ದವು ಎಂದು ಆಮೇಲಿನ ವಿಮರ್ಶೆ ಹೇಳಿತು. ಅದರ ಫಲವಾಗಿ 1997ರಲ್ಲಿ, ನೆರವಿನ ಕೆಲಸ ಕನಿಷ್ಠ ಯಾವ ಮಟ್ಟದಲ್ಲಿರಬೇಕು ಎಂದು ಹೇಳುವ 'ಸ್ಫಿಯರ್' ಮಾನದಂಡಗಳ ಕೆಲಸ ಶುರುವಾಯಿತು. ದಿನಕ್ಕೆ ತಲಾ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಪಾಯಿಖಾನೆ, ಸೂರಿನಡಿ ತಲಾ 3.5 ಚದರ ಮೀಟರ್ ಜಾಗ. ಹುದ್ದೆಗೆ ಸೇರಿದ ಮೊದಲ ವಾರವೇ ಈ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಕಾಳಜಿ ಕೇಂದ್ರದಲ್ಲಿ (ಸಂತ್ರಸ್ತರ ತಾತ್ಕಾಲಿಕ ಆಶ್ರಯದಲ್ಲಿ) ಪಾಯಿಖಾನೆ ಕಡಿಮೆ ಇದೆ ಎಂದು ತಹಶೀಲ್ದಾರರ ಎದುರು ವಾದಿಸುವಾಗ ನೀವು ಹಿಡಿದಿರುವುದು ಗೋಮಾದಲ್ಲಿ ಸತ್ತವರ ಲೆಕ್ಕ ಎಂಬುದು ತಲೆಯಲ್ಲಿರಲಿ. ತಹಶೀಲ್ದಾರರಿಗೆ ಅದನ್ನು ಹೇಳಬೇಕಾಗಿಲ್ಲ, ಅವರಿಗೆ ಅವರದೇ ತಾಪತ್ರಯಗಳಿರುತ್ತವೆ.

ಬೇಡದ ಭಾಗವನ್ನೂ ಹೇಳಿಬಿಡುತ್ತೇನೆ. ನೌಕರಿ ಭದ್ರವಲ್ಲ. ನೇಮಕಾತಿ ಯೋಜನೆ ಇರುವಷ್ಟು ದಿನದ್ದು. ಯೋಜನೆ ನಿಂತರೆ ನೀವೂ ಮನೆಗೆ. 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ, ಜುಲೈ ಹೊತ್ತಿಗೆ ತನ್ನ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಅನ್ನೇ ಮುಚ್ಚಿದಾಗ, ಹಲವು ದೇಶಗಳಲ್ಲಿ ಇದೇ ಹುದ್ದೆಯಲ್ಲಿದ್ದವರು ದಿನ ಬೆಳಗಾಗುವುದರೊಳಗೆ ಕೆಲಸ ಕಳೆದುಕೊಂಡರು. ಇಲ್ಲಿ 2020ರ ತಿದ್ದುಪಡಿಯಿಂದ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ದೊಡ್ಡವರ ಮೂಲಕ ಹಣ ಪಡೆಯುತ್ತಿದ್ದ ತಾಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. ಇನ್ನು ಮಾರ್ಚ್ ತಿಂಗಳು, ಹಣಕಾಸು ವರ್ಷದ ಕೊನೆ. ಹಣ ಉಳಿದಿದೆ, ಖರ್ಚಾಗಬೇಕು, ಏನಾದರೂ ಹಂಚಿ ಎಂಬ ಫೋನು ಮೇಲಿನಿಂದ ಬರುತ್ತದೆ. ಬಿಸಿಲು ಏರುವ ಹೊತ್ತಿಗೆ ಕಂಬಳಿ ಹಂಚಿದ ಮಹಾನುಭಾವರಿದ್ದಾರೆ. ಅವಧಿ ವಿಸ್ತರಿಸಿ ಎಂದು ಡೋನರ್‌ಗೆ ಒಂದು ಪುಟದ ಕೋರಿಕೆ ಬರೆಯುವುದು ಇದಕ್ಕಿಂತ ಮರ್ಯಾದೆಯ ಕೆಲಸ, ಹೆಚ್ಚಿನ ಡೋನರ್‌ಗಳು ಒಪ್ಪುತ್ತಾರೆ ಕೂಡ. ಆದರೆ ಅದನ್ನು ಜನವರಿಯಲ್ಲೇ ಬರೆಯಬೇಕು.

ನನ್ನ ಅಭಿಪ್ರಾಯ ಕೇಳಿದ್ದೀರಿ: ಹೋಗಿ. ಆದರೆ ಸಂಸ್ಥೆಯನ್ನು ನೀವೂ ಸಂದರ್ಶನ ಮಾಡಿಯೇ ಹೋಗಿ. ಸಂಬಳ, ರಜೆ ಎಲ್ಲ ಮಾತಾಡಿದ ಮೇಲೆ, ಕಳೆದ ಯೋಜನೆಯಲ್ಲಿ ಜನರಿಂದ ಬಂದ ದೂರುಗಳ ರಿಜಿಸ್ಟರ್ ನೋಡಬಹುದೇ ಎಂದು ಕೇಳಿ. ಹೆಸರು ಬಿಟ್ಟುಹೋಗಿದೆ, ತಾಡಪಾಲು ಹರಿದಿತ್ತು, ನಿಮ್ಮ ಹುಡುಗ ಏರುದನಿಯಲ್ಲಿ ಮಾತಾಡಿದ ಎಂಬ ದೂರುಗಳೂ, ಅವುಗಳ ಎದುರಿಗೆ ಏನು ಕ್ರಮ ಕೈಗೊಂಡೆವು ಎಂಬ ಬರಹವೂ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. "ನಮ್ಮಲ್ಲಿ ಒಂದೂ ದೂರು ಬಂದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರೆ, ಚಹಾ ಕುಡಿದು ಊರಿಗೆ ಬಸ್ಸು ಹತ್ತಿ.

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಇನ್ನೂ ಒಪ್ಪಿಗೆಯಾಗದಿದ್ದರೆ ಅವರೇ ಒಂದು ಪತ್ರ ಬರೆಯಲಿ, ಖಂಡಿತ ಪ್ರಕಟಿಸುತ್ತೇವೆ.

– ಸಂ.