ಒತ್ತಿದ್ದು ತಡವಾಗುತ್ತಿದೆಯೇ, ಕಳೆದುಹೋಗುತ್ತಿದೆಯೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಸಮೀಪ, ಅಡಕೆ ತೋಟದ ನಡುವೆ ಇದೆ. ಮೂರು ವರ್ಷಗಳ ಹಿಂದೆ ಟಿವಿಗೆ ಜೋಡಿಸಿದ ಆ್ಯಂಡ್ರಾಯ್ಡ್ ಬಾಕ್ಸ್ ಈಚೆಗೆ ರಿಮೋಟಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ. ಬಾಣದ ಗುಂಡಿಯನ್ನು ಮೂರು ಸಲ ಒತ್ತಿದರೂ ಏನೂ ಆಗುವುದಿಲ್ಲ. ಎರಡು ಮೂರು ಸೆಕೆಂಡ್ ಕಳೆದ ಮೇಲೆ ಒಮ್ಮೆಲೇ ಮೂರು ಚೌಕ ದಾಟಿಬಿಡುತ್ತದೆ. ಅಮ್ಮ ತಾಳಮದ್ದಳೆ ಹಾಕಲು ಹೋದರೆ ಯಾವುದೋ ಮಲಯಾಳಂ ಧಾರಾವಾಹಿ ತೆರೆದುಕೊಳ್ಳುತ್ತದೆ. ಬ್ಯಾಟರಿ ಬದಲಾಯಿಸಿದೆವು, ಅಂಗಡಿಯವರು ಹೇಳಿದರೆಂದು ಹೊಸ ರಿಮೋಟನ್ನೂ ತಂದೆವು, ವ್ಯತ್ಯಾಸವಿಲ್ಲ. ಕೇಬಲ್‌ನವರು ಇಂಟರ್ನೆಟ್ ವೇಗ ಹೆಚ್ಚಿಸಿಕೊಳ್ಳಿ ಎನ್ನುತ್ತಿದ್ದಾರೆ. ಬಾಕ್ಸಿಗೆ ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಕೊಟ್ಟಿದ್ದೇವೆ. ಏನು ಮಾಡಬೇಕು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ‘ಒಮ್ಮೆಲೇ ಮೂರು ಚೌಕ ದಾಟಿಬಿಡುತ್ತದೆ’ ಎಂದು ನೀವು ಗಮನಿಸಿ ಬರೆದದ್ದು ಬಹಳ ಉಪಕಾರವಾಯಿತು. ನೀವು ಒತ್ತಿದ ಮೂರೂ ಸಂಕೇತಗಳು ಬಾಕ್ಸನ್ನು ತಲುಪಿವೆ, ಒಂದೂ ದಾರಿಯಲ್ಲಿ ಬಿದ್ದುಹೋಗಿಲ್ಲ. ಬಾಕ್ಸಿಗೆ ಅವುಗಳ ಕಡೆ ನೋಡಲು ಪುರುಸೊತ್ತು ಸಿಗದೆ ಅವು ಸಾಲಿನಲ್ಲಿ ಕಾದು ನಿಂತಿವೆ. ರಿಮೋಟಿನ ದೋಷವಾಗಿದ್ದರೆ ಮೂರು ಸಲ ಒತ್ತಿದ್ದರಲ್ಲಿ ಒಂದೋ ಎರಡೋ ಸಂಪೂರ್ಣ ಕಳೆದುಹೋಗುತ್ತಿದ್ದವು. ಹೊಸ ರಿಮೋಟಿಗೆ ಕೊಟ್ಟ ಹಣ ವ್ಯರ್ಥವಾಯಿತೆಂದು ಹೇಳಲು ನನಗೂ ಬೇಸರವೇ.

ಒಂದು ಅಪವಾದವಿದೆ. ಮಾತಿನಲ್ಲಿ ಹುಡುಕುವ ಮೈಕ್ ಗುಂಡಿಯಿರುವ ರಿಮೋಟುಗಳು ಸಾಮಾನ್ಯವಾಗಿ ಬ್ಲೂಟೂತ್‌ನಲ್ಲಿ ಕೆಲಸ ಮಾಡುತ್ತವೆ. ಬ್ಲೂಟೂತ್ ಮತ್ತು ವೈ-ಫೈ ಎರಡಕ್ಕೂ 2.4 ಗಿಗಾಹರ್ಟ್ಸ್ ಪಟ್ಟಿ ಸಮಾನವಾದ್ದರಿಂದ, ರೌಟರನ್ನು ಬಾಕ್ಸಿಗೆ ಒತ್ತಿಕೊಂಡಂತೆ ಇಟ್ಟಿದ್ದರೆ ರಿಮೋಟು ಒಂದೇ ಸಂಕೇತವನ್ನು ಮತ್ತೆ ಮತ್ತೆ ಕಳುಹಿಸಬೇಕಾಗಿ ಬಂದು ಇಂಥದ್ದೇ ವಿಳಂಬ ಕಾಣಬಹುದು. ಇದನ್ನು ಬೇರ್ಪಡಿಸಿ ನೋಡಲು ಮೊಬೈಲಿನಲ್ಲಿ ಟಿವಿ ರಿಮೋಟಿನ ಆ್ಯಪ್ ಹಾಕಿಕೊಂಡು, ಅದೇ ವೈ-ಫೈ ಮೂಲಕ ಬಾಕ್ಸನ್ನು ನಡೆಸಿ ನೋಡಿ. ಮೊಬೈಲಿನಿಂದ ಚುರುಕಾಗಿ ಓಡಿದರೆ ರೌಟರನ್ನು ನಾಲ್ಕಾರು ಅಡಿ ದೂರ ಸರಿಸಿ. ಮೊಬೈಲಿನಿಂದಲೂ ಅಷ್ಟೇ ಮಂದವಾಗಿದ್ದರೆ ಬಾಕ್ಸಿನದ್ದೇ ತೊಂದರೆ ಎಂದು ನಿಶ್ಚಯಿಸಬಹುದು.

ಕೇಬಲ್‌ನವರ ಸಲಹೆಗೆ ಒಪ್ಪುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಮುಖಪುಟದ ಚಿತ್ರಗಳೆಲ್ಲ ಇಂಟರ್ನೆಟ್ಟಿನಿಂದ ಇಳಿದು ಬರಬೇಕಾದ್ದರಿಂದ ಅಲ್ಲಿ ನಿಧಾನವಾದರೆ ಸಂಪರ್ಕವನ್ನು ಸಂಶಯಿಸಬಹುದು. ಆದರೆ ಸೆಟ್ಟಿಂಗ್ಸ್ ಪುಟ ಬಾಕ್ಸಿನ ಒಳಗೇ ಇರುವಂಥದ್ದು. ಅಲ್ಲಿಯೂ ಬಾಣ ತೆವಳುತ್ತಿದ್ದರೆ ನೀವು ಎಷ್ಟು ವೇಗದ ಯೋಜನೆಗೆ ಹಣ ಕಟ್ಟಿದರೂ ಆ ಬಾಣ ಒಂದಿಷ್ಟೂ ಬೇಗ ಸರಿಯದು.

ಇನ್ನು ಬಾಕ್ಸಿನ ಪುರುಸೊತ್ತಿನ ವಿಷಯ. ರಿಮೋಟಿನ ಕೆಂಪು ಗುಂಡಿ ಒತ್ತಿದಾಗ ಬಾಕ್ಸ್ ಬಂದ್ ಆಗುವುದಿಲ್ಲ, ಮಲಗುತ್ತದೆ ಅಷ್ಟೆ. ತೆರೆದಿಟ್ಟ ಆ್ಯಪ್‌ಗಳ ಹೊರೆ ಹೊತ್ತುಕೊಂಡೇ ಮಲಗಿ, ಹಾಗೆಯೇ ಏಳುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದ ಬಾಕ್ಸನ್ನು ಒಮ್ಮೆ ವಿದ್ಯುತ್ ತಂತಿ ಕಳಚಿ, ಒಂದು ನಿಮಿಷ ಬಿಟ್ಟು ಮತ್ತೆ ಜೋಡಿಸಿದರೆ ಆಗುವ ವ್ಯತ್ಯಾಸ ಹಲವರನ್ನು ಬೆರಗುಗೊಳಿಸುತ್ತದೆ. ಅನಂತರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. ಇಂಥ ಬಾಕ್ಸುಗಳಲ್ಲಿ ಹೆಚ್ಚಿನವಕ್ಕೆ ಇರುವುದೇ 8 ಜಿಬಿ, ಅದರಲ್ಲಿ ದೊಡ್ಡ ಪಾಲನ್ನು ಬಾಕ್ಸಿನ ಸ್ವಂತ ತಂತ್ರಾಂಶವೇ ಹಿಡಿದಿರುತ್ತದೆ. ಉಳಿದ ಜಾಗವೂ ತುಂಬಿ ತುಳುಕುವಾಗ ಒಂದು ಪುಟ ತೆರೆಯುವುದಕ್ಕೂ ಅದು ತಿಣುಕಬೇಕಾಗುತ್ತದೆ. ಯಾರೂ ನೋಡದ ಆ್ಯಪ್‌ಗಳನ್ನು ತೆಗೆದುಹಾಕಿ, ಉಳಿದವುಗಳಲ್ಲಿ ‘ಕ್ಲಿಯರ್ ಕ್ಯಾಶ್’ ಒತ್ತಿ. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಒತ್ತಿದರೆ ಮಾತ್ರ ಮತ್ತೆ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕಾದೀತು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂಶಯ ಬಂದದ್ದು ಕೊನೆಯ ಮಾತಿನಲ್ಲಿ. ಟಿವಿಯ ಸಾಮಾನ್ಯ ಯುಎಸ್‌ಬಿ ಕಿಂಡಿ, ಅದು 2.0 ಮಾದರಿಯದ್ದಾದರೆ, ನಿಯಮದ ಪ್ರಕಾರ ಕೊಡುವುದು 500 ಮಿಲಿಆ್ಯಂಪ್ ಮಾತ್ರ. ಬಾಕ್ಸಿನ ಜೊತೆ ಬಂದ ಅಡಾಪ್ಟರನ್ನು ತೆಗೆದು ಓದಿ: 5 ವೋಲ್ಟ್, 1 ಆ್ಯಂಪ್ ಅಥವಾ ಅದಕ್ಕಿಂತ ಹೆಚ್ಚು ಎಂದಿರುತ್ತದೆ. ಅರ್ಧ ಹೊಟ್ಟೆಯಲ್ಲಿ ದುಡಿಯುವ ಬಾಕ್ಸ್ ಭಾರದ ಕೆಲಸ ಬಂದಾಗ ತಡವರಿಸುತ್ತದೆ, ಕೆಲವೊಮ್ಮೆ ತಾನಾಗಿ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಬಾಕ್ಸಿನ ಮೈ ಮುಟ್ಟಿಯೂ ನೋಡಿ. ನಮ್ಮ ಚಾವಡಿಗಳಲ್ಲಿ ಇಂಥ ಪೆಟ್ಟಿಗೆಗಳ ಮೇಲೆ ಧೂಳು ಕೂರಬಾರದೆಂದು ಕಸೂತಿಯ ಬಟ್ಟೆ ಹೊದಿಸುವ ಪದ್ಧತಿಯಿದೆ. ನೋಡಲು ಚೆಂದ, ಆದರೆ ಬಿಸಿ ಏರಿದಂತೆ ಬಾಕ್ಸಿನ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಟ್ಟೆ ತೆಗೆದು, ಟಿವಿಯ ಬೆನ್ನಿನ ಬಿಸಿಯಿಂದ ದೂರ, ಗಾಳಿಯಾಡುವಲ್ಲಿ ಇಡಿ. ಇಷ್ಟರಿಂದಲೂ ಸರಿಹೋಗದಿದ್ದರೆ ಕೊನೆಗೆ ಫ್ಯಾಕ್ಟರಿ ರಿಸೆಟ್ ಮಾಡಬಹುದು. ಆಗ ಎಲ್ಲವೂ ಅಳಿಸಿಹೋಗುವುದರಿಂದ ಪಾಸ್‌ವರ್ಡ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಬಾಕ್ಸಿನ ರಿಮೋಟು ಸಂಜೆ ನಾಲ್ಕೂವರೆಯಿಂದ ಸೂರ್ಯ ಮುಳುಗುವ ತನಕ ಹತ್ತಿರ ಹೋಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ. ಮನೆಯವರು ಇದನ್ನು ನಂಬುವುದಿಲ್ಲ.
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ನಾನು ನಂಬುತ್ತೇನೆ. ನಿಮ್ಮ ಬಾಕ್ಸ್ ಪಡುವಣಕ್ಕೆ ಮುಖ ಮಾಡಿ ಕುಳಿತಿರಬೇಕು. ನಿಮ್ಮದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ರಿಮೋಟು. ಅದು ಆ ಬೆಳಕನ್ನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಮಿಣುಕಿಸಿ ಸಂಕೇತ ಕಳುಹಿಸುತ್ತದೆ. ಕೋಣೆಯ ಸ್ಥಿರ ಬೆಳಕನ್ನು ಬದಿಗೊತ್ತಿ ಈ ಮಿಣುಕನ್ನು ಮಾತ್ರ ಹೆಕ್ಕಿಕೊಳ್ಳುವಂತೆ ಬಾಕ್ಸಿನ ಕಣ್ಣನ್ನು ರೂಪಿಸಿದ್ದಾರೆ. ಆದರೆ ಬಿಸಿಲಿನಲ್ಲಿಯೂ ಅವಕೆಂಪು ಕಿರಣ ಧಾರಾಳವಾಗಿರುವುದರಿಂದ, ಕಡಲ ಕಡೆಯ ಇಳಿಬಿಸಿಲು ಬಾಗಿಲಿನಿಂದ ನೇರ ಒಳಬಂದು ಆ ಕಣ್ಣಿಗೇ ಬಿದ್ದಾಗ ಅದು ಕೋರೈಸಿಹೋಗುತ್ತದೆ. ಇಲ್ಲಿ ಸಂಕೇತ ತಡವಾಗುವುದಿಲ್ಲ, ಕಳೆದೇಹೋಗುತ್ತದೆ. ಬದಿಯಡ್ಕದವರ ಬಾಕ್ಸಿಗೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಇದು.

ನಾಳೆ ಸಂಜೆ ಮನೆಯವರ ಎದುರಲ್ಲೇ ಬಾಕ್ಸಿನ ಮುಂದೆ ಅಂಗೈಯಷ್ಟು ರಟ್ಟನ್ನು ಬಿಸಿಲಿಗೆ ಅಡ್ಡ ಹಿಡಿದು, ಆರೇಳು ಅಡಿ ದೂರದಿಂದ ಇನ್ನೊಬ್ಬರಲ್ಲಿ ರಿಮೋಟು ಒತ್ತಿಸಿ. ಕೆಲಸ ಮಾಡಿದರೆ ಬಾಕ್ಸನ್ನು ತುಸು ತಿರುಗಿಸಿಟ್ಟರೆ ಸಾಕು. ಮಾಡದಿದ್ದರೆ ಮೊಬೈಲಿನ ಮುಂಭಾಗದ ಕ್ಯಾಮೆರಾದ ಎದುರು ರಿಮೋಟಿನ ತುದಿಯನ್ನು ಹಿಡಿದು ಗುಂಡಿ ಒತ್ತಿ: ಹೆಚ್ಚಿನ ಮೊಬೈಲುಗಳಲ್ಲಿ ನಸುನೇರಳೆ ಬೆಳಕು ಮಿಣುಕುವುದು ಕಾಣುತ್ತದೆ. ಅದು ಮಂಕಾಗಿದ್ದರೆ ಸೆಲ್ ಇಡುವ ಮುಚ್ಚಳ ತೆಗೆದು ನೋಡಿ. ಆಟಿ ತಿಂಗಳ ತೇವ ಕಳೆದ ಮೇಲೆ ಅಲ್ಲಿನ ಸ್ಪ್ರಿಂಗಿನಲ್ಲಿ ಹಸಿರು ಕಿಲುಬೋ, ಸೋರಿದ ಸೆಲ್ಲಿನ ಬಿಳಿ ಪುಡಿಯೋ ಕಾಣುವುದು ನಮ್ಮ ಕರಾವಳಿಯಲ್ಲಿ ತೀರ ಸಾಮಾನ್ಯ. ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟದೆ, ಒಂದು ಹನಿ ಲಿಂಬೆರಸ ತಾಗಿಸಿದ ಹತ್ತಿಯಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರಸಿ, ಚೆನ್ನಾಗಿ ಆರಿದ ಮೇಲೆ ಹೊಸ ಸೆಲ್ಲುಗಳನ್ನು ಹಾಕಿ.