ಹಳೆ ವಾಚು: ಹೊಳಪಿಗಿಂತ ಅಸಲಿತನ ನೋಡಿ

ಪ್ರಶ್ನೆ: ಗೀರು ಬಿದ್ದ, ಬಣ್ಣ ಮಾಸಿದ ಎಚ್‌ಎಂಟಿ ಪೈಲಟ್ ವಾಚಿಗೆ ಜನ ಯಾಕೆ ಮುಗಿಬೀಳುತ್ತಾರೆ? ಅದೇ ದುಡ್ಡಿಗೆ ಹೊಸದೇ ಬರುತ್ತದಲ್ಲ?
– ಓದುಗರು, ಸಂಡೂರು

ಉತ್ತರ: ಅದು ದುಡಿಯುವ ಕೈಗೆಂದೇ ಮಾಡಿದ ವಾಚು. ಕಪ್ಪು ಡಯಲ್, ಬಿಳಿ ಅಂಕಿ, ದಪ್ಪ ಮುಳ್ಳು: ಒಂದೇ ನೋಟಕ್ಕೆ ಸಮಯ ತಿಳಿಯುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ 12 ಸ್ವಿಸ್ ಕಂಪನಿಗಳು ಬ್ರಿಟಿಷ್ ಸೇನೆಗೆ ಮಾಡಿಕೊಟ್ಟ ವಾಚುಗಳದ್ದೂ ಇದೇ ಚಹರೆ. ‘ಡರ್ಟಿ ಡಜನ್’ ಎಂದು ಹೆಸರಾದ ಆ ಹನ್ನೆರಡನ್ನೂ ಕೂಡಿಹಾಕಲು ವರ್ಷಗಟ್ಟಲೆ ಹುಡುಕುವವರಿದ್ದಾರೆ; ಗ್ರಾನಾ ಕಂಪನಿಯದಂತೂ ಸಿಗುವುದೇ ಅಪರೂಪ.

ಪೈಲಟ್ ಇನ್ನೂ ನಮ್ಮ ಕೈಗೆಟಕುವ ವಾಚು. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿ ಶುರುವಾಯಿತು. ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಪೈಲಟ್‌ನ ಒಳಗಿರುವುದು ಸವೆತ ತಡೆಯುವ 17 ಕಲ್ಲಿನ, ಗಂಟೆಗೆ 18,000 ಬಡಿತದ, ಚಾವಿ ಕೊಡುವ ಮಷಿನ್. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟರೆ ಮತ್ತೆ ನಡೆಯುತ್ತದೆ. ಬಿಸಾಡದೆ ರಿಪೇರಿ ಮಾಡಿಕೊಳ್ಳಬಹುದು ಎನ್ನುವುದೇ ನಮ್ಮ ಲೆಕ್ಕದಲ್ಲಿ ಅದರ ದೊಡ್ಡ ಸೆಳೆತ. ಗೀರು ಇದ್ದರೆ ಇರಲಿ, ಪಾಲಿಷ್‌ಗೆ ಕೊಡಬೇಡಿ. ಕೇಸ್ ಹಿತ್ತಾಳೆಯದಾಗಿದ್ದರೆ ಮೇಲಿನ ಕ್ರೋಮ್ ಸವೆದು ಹಳದಿ ಕಾಣುತ್ತದೆ, ಆಮೇಲೆ ಬೆವರು ತಾಗಿ ಹಸಿರು ಕಿಲುಬು ಏಳುತ್ತದೆ. ಹಿಂಬದಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಮುಚ್ಚಳ ಮಾತ್ರ ಸ್ಟೀಲು ಎಂದರ್ಥ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಪೈಲಟ್‌ನ ಡಯಲ್ ಹೊಚ್ಚ ಹೊಸದರಂತಿದೆ. ಅಸಲಿ ಹೌದೋ ಅಲ್ಲವೋ ತಿಳಿಯುವುದು ಹೇಗೆ?
– ಓದುಗರು, ಗಂಗಾವತಿ

ಉತ್ತರ: 10 ಪಟ್ಟು ದೊಡ್ಡದಾಗಿ ತೋರಿಸುವ ಕಣ್ಣುಮಸೂರ ಹಿಡಿದು, ಹಗಲು ಬೆಳಕಿನಲ್ಲಿ ವಾಚನ್ನು ಓರೆ ಮಾಡಿ ನೋಡಿ. ಅಸಲಿ ಡಯಲ್‌ನ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಮತ್ತೆ ಬಣ್ಣ ಬಳಿದದ್ದರಲ್ಲಿ ಅಂಚು ಹರಡಿ, ಸಣ್ಣ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಿಮಿಷದ ಗೆರೆಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿದೆಯೇ, ಮುಳ್ಳು ಕೂರುವ ನಡುತೂತಿನ ಅಂಚಿಗೆ ಬಣ್ಣ ಗಂಟುಗಟ್ಟಿದೆಯೇ ನೋಡಿ. ಅಂಕಿಯ ಮೇಲಿನ ಹೊಳಪುಬಣ್ಣ ಬಿಳಿಯಿದ್ದು ಮುಳ್ಳಿನದು ಹಳದಿಗಟ್ಟಿದ್ದರೆ ಎರಡೂ ಒಂದೇ ವಾಚಿನವಲ್ಲದಿರಬಹುದು. ಕಿತ್ತಳೆ, ಗಿಳಿಹಸಿರಿನ ಡಯಲ್ ಕಂಡರೆ ಮೊದಲು ಅನುಮಾನಪಡಿ. ದಿನ ಕಟ್ಟಿಕೊಳ್ಳಲು ಇಂಥ ವಾಚು ಅಡ್ಡಿಯಿಲ್ಲ, ಆದರೆ ಅಸಲಿಯ ಬೆಲೆ ಕೊಡಬೇಡಿ.

ಪ್ರಶ್ನೆ: ಅಪ್ಪನ ವಾಚು ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತದೆ. ನಡುನಡುವೆ ನಿಂತೂಬಿಡುತ್ತದೆ. ನಾನು ಅದಿರಿನ ಯಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ.
– ಓದುಗರು, ತೋರಣಗಲ್ಲು

ಉತ್ತರ: ಎರಡು ಬೇರೆ ಬೇರೆ ದೋಷ ಇರುವ ಹಾಗಿದೆ. ಮುಂದೆ ಓಡುವುದು ಹೆಚ್ಚಾಗಿ ಅಯಸ್ಕಾಂತದ ಕಾಟ: ಹೇರ್‌ಸ್ಪ್ರಿಂಗ್ ಎಂಬ ತೆಳು ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿದರೆ ಅದಕ್ಕೆ ಕಟ್ಟಿದ ಬ್ಯಾಲೆನ್ಸ್ ಚಕ್ರ ಬೇಗ ಬೇಗ ತೂಗುತ್ತದೆ. ದಿಕ್ಸೂಚಿಯನ್ನು ವಾಚಿನ ಹತ್ತಿರ ತನ್ನಿ. ಸೂಜಿ ಜೋರಾಗಿ ತಿರುಗಿದರೆ ಅನುಮಾನ ಗಟ್ಟಿಯಾಯಿತು. ರಿಪೇರಿಯವರ ಬಳಿ ಅಯಸ್ಕಾಂತದ ಗುಣ ತೆಗೆಯುವ ಡೀಮ್ಯಾಗ್ನೆಟೈಸರ್ ಪೆಟ್ಟಿಗೆ ಇರುತ್ತದೆ. ವಾಚನ್ನು ಮೇಲಿಟ್ಟು, ಗುಂಡಿ ಒತ್ತಿ ಹಿಡಿದೇ ನಿಧಾನವಾಗಿ ಒಂದು ತೋಳಿನಷ್ಟು ದೂರ ಒಯ್ಯಬೇಕು, ಆಮೇಲೆ ಗುಂಡಿ ಬಿಡಬೇಕು. ಹತ್ತಿರವಿದ್ದಾಗಲೇ ಬಿಟ್ಟರೆ ಅಯಸ್ಕಾಂತ ಮತ್ತೆ ಹಿಡಿಯುತ್ತದೆ.

ನಿಲ್ಲುವುದಕ್ಕೆ ಧೂಳೇ ಕಾರಣವಿರಬಹುದು. ಚಾವಿಯ ಗುಂಡಿಯೊಳಗಿನ ರಬ್ಬರ್ ಉಂಗುರ ಹಳತಾಗಿ ಬಿರುಸಾದರೆ ಅದಿರಿನ ಪುಡಿ ಒಳಗೆ ನುಸುಳುತ್ತದೆ. ಅದು ಎಣ್ಣೆಗೆ ಬೆರೆತರೆ ಅರೆಯುವ ಹುಡಿಯಂತೆ ಚಕ್ರಗಳ ಅಚ್ಚಿನ ಕೂದಲೆಳೆಯಂಥ ತುದಿಗಳನ್ನು (ಪಿವಟ್) ಸವೆಸುತ್ತದೆ. ಹಿಂದಿನ ಮುಚ್ಚಳ ತೆಗೆದು ಹೊರಗಿನಿಂದ ಎಣ್ಣೆ ಬಿಡುವವರಿಗೆ ಕೊಡಬೇಡಿ; ಕೊಳೆ ಅಲ್ಲೇ ಉಳಿಯುತ್ತದೆ. ಪೂರ್ತಿ ಬಿಚ್ಚಿ ತೊಳೆಸಿ, ರಬ್ಬರ್ ಉಂಗುರ ಬದಲಿಸಿ. ಸರ್ವಿಸ್ ಆದಮೇಲೆ ಪೂರ್ತಿ ಚಾವಿ ಕೊಟ್ಟು, ವಾಚಿನ ಬಡಿತ ಅಳೆಯುವ ಟೈಮ್‌ಗ್ರಾಫರ್ ಮೇಲಿಡಲು ಹೇಳಿ: ಡಯಲ್ ಮೇಲ್ಮುಖವಾಗಿದ್ದಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಹರವು) 250 ಡಿಗ್ರಿ ದಾಟಿದರೆ ಕೆಲಸ ಚೆನ್ನಾಗಿದೆ, 200ಕ್ಕಿಂತ ಕೆಳಗಿದ್ದರೆ ವಾಪಸ್ ಕೊಡಿ. ಯಾರ್ಡ್‌ಗೆ ಹೋಗುವಾಗ ಬೇರೆ ವಾಚು ಕಟ್ಟಿಕೊಳ್ಳಿ.

ಪ್ರಶ್ನೆ: ತಾತನ 1940ರ ದಶಕದ ಸ್ವಿಸ್ ವಾಚಿನ ರೇಡಿಯಂ ಅಂಕಿ ಈಗ ಹೊಳೆಯುವುದಿಲ್ಲ. ಕೆರೆದು ಹೊಸದು ಹಚ್ಚಬಹುದೇ?
– ಓದುಗರು, ರಾಯಚೂರು

ಉತ್ತರ: ಖಂಡಿತ ಬೇಡ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ವಿಕಿರಣ ಸೂಸುವ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಕೆರೆದ ಪುಡಿ ಉಸಿರಿನಲ್ಲಿ ಹೋದರೆ ಅಪಾಯ. ಗಾಜು ಮುಚ್ಚಿಯೇ ಇರಲಿ. ರಿಪೇರಿಗೆ ಕೊಡುವಾಗ ಡಯಲ್ ರೇಡಿಯಂದು ಎಂದು ಮೊದಲೇ ಹೇಳಿ.