ಓದುಗರ ಪ್ರಶ್ನೆ: ವಾಚು ರಿಪೇರಿಗೆ ಎಂತಹ ಹೆಡ್‌ಲೈಟ್?

ಪ್ರಶ್ನೆ: ಇಪ್ಪತ್ತೈದು ವರ್ಷಗಳಿಂದ ಕೈಗಡಿಯಾರ ರಿಪೇರಿ ಮಾಡುತ್ತಿದ್ದೇನೆ, ವಯಸ್ಸು ಐವತ್ತು ದಾಟಿದೆ. ಮೇಜಿನ ದೀಪ ಉರಿಸಿದರೆ ನನ್ನ ಕೈಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಆ ದೀಪವೂ ಇಲ್ಲ. ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು ಕಟ್ಟಿಕೊಳ್ಳುವಂತಹ ಹೆಡ್‌ಲೈಟ್ ತಂದು ನೋಡಿದೆ. ಹತ್ತು ನಿಮಿಷಕ್ಕೇ ಕಣ್ಣು ನೋಯುತ್ತದೆ. ಇನ್ನೂ ಹೆಚ್ಚು ಲುಮೆನ್‌ನದ್ದನ್ನು (ದೀಪ ಸೂಸುವ ಒಟ್ಟು ಬೆಳಕಿನ ಅಳತೆ) ಕೊಳ್ಳಬೇಕೇ?
– ಓದುಗರು, ಬದಿಯಡ್ಕ

ಉತ್ತರ: ಬೇಡ. ನಿಮಗೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಹರಡಿದ ಬೆಳಕು. ನಸುಕಿನಲ್ಲಿ ತೋಟದ ದಾರಿಯನ್ನೂ ಮರದ ಬುಡವನ್ನೂ ಕಾಣಿಸಬೇಕಾದ ದೀಪದಲ್ಲಿ ಬೆಳಕನ್ನೆಲ್ಲ ಒಂದು ಕೋಲಿನಂತೆ ಕೂಡಿಸಿ ದೂರಕ್ಕೆ ಎಸೆಯುವ ಏರ್ಪಾಡು ಇರುತ್ತದೆ. ಅದೇ ದೀಪವನ್ನು ಹಣೆಗೆ ಕಟ್ಟಿಕೊಂಡು ಒಂದಡಿ ದೂರದ ವಾಚನ್ನು ನೋಡಿದರೆ, ನಡುವೆ ಕಣ್ಣು ಕುಕ್ಕುವ ಬಿಳಿಯ ಚುಕ್ಕೆ, ಅದರ ಸುತ್ತ ಕತ್ತಲೆ. ವಾಚಿನಿಂದ ಸ್ಕ್ರೂ ಇಟ್ಟ ತಟ್ಟೆಗೆ, ತಟ್ಟೆಯಿಂದ ಮತ್ತೆ ವಾಚಿಗೆ ದೃಷ್ಟಿ ಹೊರಳಿಸಿದಾಗಲೆಲ್ಲ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಬೇಕಾಗುತ್ತದೆ. ನಿಮ್ಮ ನೋವಿಗೆ ಇದು ಕಾರಣವಾಗಿರುವ ಸಂಭವ ಹೆಚ್ಚು.

ಲೆಕ್ಕ ಹಾಕಿಯೇ ನೋಡಬಹುದು. ಕೈಯಿಂದ ಮಾಡುವ ಗಡಿಯಾರದ ಕೆಲಸಕ್ಕೆ ಯುರೋಪಿನ ಮಾನದಂಡ ಹೇಳುವುದು 1500 ಲಕ್ಸ್ ಬೆಳಕು; ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲುಮೆನ್. 100 ಲುಮೆನ್‌ನ ಸಾಧಾರಣ ದೀಪದ ಬೆಳಕು 30 ಸೆಂಟಿಮೀಟರ್ ಅಗಲದ ವೃತ್ತದಲ್ಲಿ ಸಮವಾಗಿ ಹರಡಿದರೆ ಅಲ್ಲಿ ಸುಮಾರು 1400 ಲಕ್ಸ್ ಸಿಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಸಾವಿರ ಲುಮೆನ್ ಎಂದು ಬರೆದಿರುವುದಕ್ಕೆ ಹಣ ಕೊಡುವುದು ವ್ಯರ್ಥ. ದೀಪದ ಅತಿ ಕಡಿಮೆ ಬೆಳಕು ಎಷ್ಟು ಎಂಬುದನ್ನು ಕೇಳಿ.

ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ. ಈಗಿರುವ ದೀಪದ ಮುಖಕ್ಕೆ ಬಟರ್ ಪೇಪರನ್ನು ಎರಡು ಪದರ ಮಡಚಿ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಕಡಿಮೆ ಬೆಳಕಿನಲ್ಲಿಟ್ಟು ಒಂದು ಗಂಟೆ ಕೆಲಸ ಮಾಡಿ. ಕಣ್ಣಿಗೆ ಹಿತವೆನಿಸಿದರೆ ಹೊಸದರ ಅಗತ್ಯವೇ ಬಾರದಿರಬಹುದು.

ಹೊಸದನ್ನೇ ಕೊಳ್ಳುವುದಾದರೆ ಅಂಗಡಿಯಲ್ಲೇ ಹಣೆಗೆ ಕಟ್ಟಿ, ಬಿಳಿ ಕಾಗದದ ಮೇಲೆ ಬೆಳಕು ಬಿಟ್ಟು ಬಳೆಯಂತಹ ಗೆರೆಗಳು ಕಾಣುತ್ತವೆಯೇ ಎಂದು ನೋಡಿ; ಕಂಡರೆ ಬೆಳಕು ಸಮವಾಗಿ ಹರಡುತ್ತಿಲ್ಲ ಎಂದರ್ಥ. ಅನಂತರ ಬೆಳಕು ತಗ್ಗಿಸಿ, ಅದರ ಮುಂದೆ ಪೆನ್ನೊಂದನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ; ಒಂದೇ ಪೆನ್ನು ಬಿಡಿಬಿಡಿಯಾದ ಹಲವು ಪೆನ್ನುಗಳಂತೆ ಕಂಡರೆ ಆ ದೀಪ ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ ಮಿನುಗುತ್ತಿದೆ ಎಂದರ್ಥ. ದಿನವಿಡೀ ಕೂರುವವರು ಅಂಥದ್ದನ್ನು ಬಿಡುವುದು ಲೇಸು.

ದೀಪ ಎಷ್ಟು ಬಾಗುತ್ತದೆ ಎಂಬುದೂ ಮುಖ್ಯ. ಹಣೆಯ ದೀಪ ಕಣ್ಣಿಗಿಂತ ಸುಮಾರು 6 ಸೆಂಟಿಮೀಟರ್ ಮೇಲಿರುತ್ತದೆ. 30 ಸೆಂಟಿಮೀಟರ್ ದೂರದ ವಸ್ತುವಿಗೆ ನಿಮ್ಮ ನೋಟಕ್ಕಿಂತ 11 ಡಿಗ್ರಿ ಹೆಚ್ಚು ಬಾಗಿದರೆ ಸಾಕು, 10 ಸೆಂಟಿಮೀಟರ್ ದೂರಕ್ಕೆ 31 ಡಿಗ್ರಿ ಬೇಕು. ಕಣ್ಣಿಗೆ ಸಿಕ್ಕಿಸಿಕೊಂಡು ಹತ್ತು ಪಟ್ಟು ದೊಡ್ಡದಾಗಿ ನೋಡುವ ಐಗ್ಲಾಸಿನ ಸಂಗಮದೂರ (ವಸ್ತುವನ್ನು ಹಿಡಿಯಬೇಕಾದ ದೂರ) ಎರಡೂವರೆ ಸೆಂಟಿಮೀಟರ್ ಮಾತ್ರ. ಅಷ್ಟು ಹತ್ತಿರದಲ್ಲಿ ಹಣೆಯ ಬೆಳಕಿಗೆ ಐಗ್ಲಾಸೇ ಅಡ್ಡ ಬರುವುದರಿಂದ ಹಣೆಯ ದೀಪ ಕೆಲಸಕ್ಕೆ ಬಾರದು.

ಆದ್ದರಿಂದ ಮೇಜಿನ ದೀಪವನ್ನು ತೆಗೆದುಹಾಕಬೇಡಿ. ಹಣೆಯ ದೀಪ ನೋಟದ ದಿಕ್ಕಿನಿಂದಲೇ ಬರುವುದರಿಂದ ನೆರಳನ್ನು ಅಳಿಸುತ್ತದೆ, ಆದರೆ ಉಬ್ಬುತಗ್ಗು ತಿಳಿಯುವುದು ನೆರಳಿನಿಂದಲೇ. ಹೇರ್‌ಸ್ಪ್ರಿಂಗಿನ (ವಾಚಿನೊಳಗಿನ ತೆಳು ಸುರುಳಿ ಸ್ಪ್ರಿಂಗ್) ಒಂದು ಸುತ್ತು ಕೂದಲೆಳೆಯಷ್ಟು ಮೇಲೆದ್ದಿದ್ದರೆ ಎದುರು ಬೆಳಕಿನಲ್ಲಿ ಎಲ್ಲ ಸುತ್ತುಗಳೂ ಒಂದೇ ಮಟ್ಟದಲ್ಲಿರುವಂತೆ ಕಾಣುತ್ತವೆ. ಪಕ್ಕದಿಂದ ತಗ್ಗಿಸಿ ಬಿಟ್ಟ ಬೆಳಕಿನಲ್ಲಿ ಆ ಸುತ್ತು ತಾನೇ ಎದ್ದು ಕಾಣುತ್ತದೆ. ಚಿಮುಟ ಹಿಡಿದ ಕೈಯ ಎದುರು ಬದಿಯಲ್ಲಿ ದೀಪವಿಟ್ಟರೆ ನೆರಳಿನ ತೊಂದರೆಯೂ ತಗ್ಗುತ್ತದೆ.

ಕರೆಂಟಿನ ಮಾತಿಗೆ ಬಂದರೆ, ಬಿಡಿ ಸೆಲ್ಲು ಹಾಕಬಹುದಾದ ಹಗುರ ದೀಪವೇ ನಿಮ್ಮ ಕಡೆಯ ಮಳೆಗಾಲಕ್ಕೆ ಒಳ್ಳೆಯದು. ಬಳಸದ ದಿನಗಳಲ್ಲಿ ಸೆಲ್ಲುಗಳನ್ನು ತೆಗೆದಿಡಿ, ಒಳಗೆ ಸೋರಿದರೆ ದೀಪ ಹಾಳು.

ಪ್ರಶ್ನೆ: ಚಿನ್ನದ ಕೆಲಸ ನಮ್ಮದು. ಹೆಡ್‌ಲೈಟ್ ಹಾಕಿದರೆ ಬಂಗಾರದ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಏಕೆ?
– ಓದುಗರು, ಉಪ್ಪಳ

ಉತ್ತರ: ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ, ಬಂಗಾರ ಅದರಲ್ಲಿ ಪೇಲವವಾಗುತ್ತದೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದ್ದು, ಅದರ ಗರಿಷ್ಠ 100. ಪೆಟ್ಟಿಗೆಯ ಮೇಲೆ 90ಕ್ಕಿಂತ ಹೆಚ್ಚಿನ ಸಿಆರ್‌ಐ, 4000ದಿಂದ 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಏರಿದಷ್ಟೂ ನೀಲಿ ಹೆಚ್ಚು) ಎಂದು ನಮೂದಿಸಿದ್ದನ್ನು ಆರಿಸಿ. 6500 ಕೆಲ್ವಿನ್‌ನದ್ದು ಬೇಡ. ಬೆಸುಗೆಗೆ ಊದುವ ಹೊತ್ತಿನಲ್ಲಿ ಮಾತ್ರ ಯಾವ ದೀಪವಾದರೂ ನಂದಿಸಿಬಿಡಿ, ಏಕೆಂದರೆ ಕಾದ ಲೋಹದ ಮೊದಲ ಮಂದ ಕೆಂಪು ಮಬ್ಬಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ.